ಮಾದರಿ ಮನೆಯಲ್ಲಿ ಕಂಡ ನನ್ನ ಗುಡಾಣ

ಇಂಚನ್ ನಗರ, ಮಂಗಳವಾರ

ಮಾದರಿ ಮನೆಗಳ ಮೇಲ್ವಿಚಾರಕರಿಗೆ,

ನಿನ್ನೆ ಎರಡು ಗಂಟೆ ಸಾಲಿನಲ್ಲಿ ನಿಂತು ನಿಮ್ಮ ಮಾದರಿ ಮನೆ ನೋಡಿದೆ. ಕೊಳ್ಳುವುದಕ್ಕಲ್ಲ. ನೀವು ಕೆಡವಿದ ನನ್ನ ಮನೆಯ ಜಾಗದಲ್ಲಿ ಏನು ಬರುತ್ತದೆಂದು ನೋಡುವುದಕ್ಕೆ.

ಅಮೃತಶಿಲೆಯ ಅಡುಗೆಮನೆ ದಾಟಿ ಬಾಲ್ಕನಿಗೆ ಹೋದರೆ ಅಲ್ಲಿ ನನ್ನ ಗುಡಾಣ! ಕಂಠದ ಬಿರುಕಿಗೆ ನಮ್ಮತ್ತೆ ಸುತ್ತಿದ ತಂತಿ ಹಾಗೇ ಇದೆ. ಮನೆ ಖಾಲಿ ಮಾಡಿದ ದಿನ ಅದನ್ನು ಮಾಳಿಗೆಯ ಮೇಲೆ ಬಿಟ್ಟು, "ಶನಿವಾರ ಒಯ್ಯುತ್ತೇನೆ, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದ್ದೆ. ಶುಕ್ರವಾರವೇ ನಿಮ್ಮವರು ಹೊತ್ತೊಯ್ದಿದ್ದರು. ಈಗ ಅದರೊಳಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿದ್ದೀರಿ.

"ಅಜ್ಜೀ, ಮುಟ್ಬೇಡಿ! ಹಳೇ ಕಾಲದ್ದು ಅಂತ ಶೋಗೆ ಇಟ್ಟಿರೋದು," ಎಂದಳು ಮನೆ ತೋರಿಸುತ್ತಿದ್ದ ನಿಮ್ಮ ಕೆಲಸದ ಹುಡುಗಿ.

"ನಾನೂ ಹಳೇ ಕಾಲದವ್ಳೇ ಕಣಮ್ಮಾ. ನನ್ನನ್ನೂ ಇಲ್ಲೇ ಇಟ್ಕೋಬಹುದಿತ್ತಲ್ಲ?" ಎಂದೆ.

ಆ ಗುಡಾಣದಲ್ಲಿ ಇದ್ದದ್ದು ಮನೆಯಲ್ಲೇ ಮಾಡಿದ ಸೋಯಾ ಸಾಸ್. ಅತ್ತೆಯ ಕಾಲದಿಂದ ಒಂದು ವರ್ಷವೂ ಬರಿದಾಗದಂತೆ, ಹಳೆಯದರ ಮೇಲೆ ಹೊಸದು ಸುರಿಯುತ್ತ ಉಳಿಸಿಕೊಂಡು ಬಂದದ್ದು. ಎಲ್ಲಿ ಚೆಲ್ಲಿದಿರಿ? ನಿನ್ನೆ ಹೊರಡುವಾಗ ಉಡುಗೊರೆಯೆಂದು ನೀವು ಕೈಗಿಟ್ಟದ್ದೂ ಸೋಯಾ ಸಾಸೇ, ಕಾರ್ಖಾನೆಯದ್ದು. ಆ ಬಾಟಲಿಯನ್ನು ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ.

ಈ ಶನಿವಾರ ಅಳಿಯನ ಗಾಡಿ ತರುತ್ತೇನೆ. ಹೂವು ಕಿತ್ತು ಗುಡಾಣ ಹೊರಗಿಡಿ. ತೊಳೆಯಬೇಡಿ. ತಳದಲ್ಲಿ ಹಳೆಯ ಸಾಸಿನ ಗಟ್ಟಿಯಾದ ಉಪ್ಪಿನ ಹರಳು ಉಳಿದಿದ್ದರೆ ಅದರಿಂದಲೇ ಮತ್ತೆ ಶುರುಮಾಡುತ್ತೇನೆ. ಆಗಲೇ ತೊಳೆದುಬಿಟ್ಟಿದ್ದರೆ ಅದನ್ನು ಕಾಗದದಲ್ಲಿ ಬರೆದು ಕಳಿಸಬೇಡಿ. ನನ್ನ ಮುಖ ನೋಡಿ ಹೇಳಿ.

ಇಂತಿ,
ತಾಕ್ ಬುನ್ರೆ
(ನಿಮ್ಮ ನಕ್ಷೆಯಲ್ಲಿ ಈಜುಕೊಳ ಇರುವ ಜಾಗದವಳು)