ಎಡಗೈಯ ಎಲೆಗಳು

ಬುಧವಾರ, ಸಂಜೆ

ನನ್ನ ಗುಬ್ಬಿಮರಿಗೆ,

ಅಮ್ಮನ ಕೈ ನಿನ್ನ ತಲೆಯ ಮೇಲಿದೆ ಅಂದುಕೊಂಡು ಇದನ್ನು ಓದು.

ಮೊನ್ನೆ ಕೆಟ್ಟ ಕನಸು ಬಿತ್ತು. ನಿನ್ನನ್ನು ಕೆಲಸದ ಹಲಗೆಯ ಮೇಲೆ ಮಲಗಿಸಿ ನಿನ್ನ ಗಂಡ ಕೂದಲೆಳೆಯಂಥ ಗರಗಸದಿಂದ ಪಕ್ಕೆಲುಬಿನ ಸಂದಿಯಲ್ಲಿ ಕೊಯ್ಯುತ್ತಿದ್ದ. ನಾನು ಕೂಗಿಕೊಂಡರೆ ತಲೆಯನ್ನೂ ಎತ್ತದೆ, 'ಗಾಬರಿಯಾಗ್ಬೇಡಿ ಅತ್ತೆ, ಬೇಡದ್ದು ಮಾತ್ರ ತೆಗೀತಿದೀನಿ, ನಡೆಯೋಕೆ ಎಷ್ಟು ಬೇಕೋ ಅಷ್ಟು ಉಳಿಸ್ತೀನಿ' ಎಂದ. ಒಳಗಿನ ಚಕ್ರಗಳೆಲ್ಲ ಹೊರಗೆ ಕಾಣುವ ಎಲುಬಿನ ವಾಚು ಮಾಡುವಾಗ ನಿನ್ನಪ್ಪ ಹಿತ್ತಾಳೆ ತಗಡಿಗೆ ಹೇಳುತ್ತಿದ್ದ ಮಾತು ಅದು. ಎದ್ದು ನೀರು ಕುಡಿದೆ, ನಿನ್ನ ಕಳೆದ ಕಾಗದ ತೆಗೆದು ಮತ್ತೆ ಓದಿದೆ. ಹಾಸ್ಟೆಲಿನಲ್ಲಿ ಸುಖವಾಗಿದ್ದೇನೆ, ಹೊಲಿಗೆ ಕಲಿಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಸ್ಸಿನಲ್ಲಿ ಕೂತು ಬರೆದದ್ದು ಅಂತ ತಿಳಿ ಎಂದು ನೀನು ಬರೆದಿದ್ದೆ. ತಿಳಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನ್ನ ಅಕ್ಷರವೇ ಸೊಟ್ಟ, ಇನ್ನೊಬ್ಬರದನ್ನು ಏನು ಹೇಳಲಿ.

ಇವತ್ತು ಮಧ್ಯಾಹ್ನ ನಿನ್ನ ಗಂಡ ಮನೆಗೆ ಬಂದ. ಅವನು ಕುಡಿದು ನಿನ್ನ ದವಡೆ ಮುರಿದ ಮೇಲೆ ಇದೇ ಮೊದಲು. ಬಾಗಿಲು ತೆಗೆಯಬಾರದಿತ್ತು. ಆದರೆ ಅವನು ಹೊಸಿಲಿನಾಚೆಯೇ ನಿಂತು ನನ್ನ ಕಾಲು ಮುಟ್ಟಿದ, ಬಾಯಲ್ಲಿ ವಾಸನೆ ಇರಲಿಲ್ಲ. ಕರ್ಚೀಫಿನಿಂದ ಒಂದು ವಾಚು ತೆಗೆದು ನನ್ನ ಅಂಗೈಯಲ್ಲಿಟ್ಟ. 'ನಾನೇ ಕೆತ್ತಿದ್ದು ಅತ್ತೆ. ಕುಡುಕನ ಕೈಯಲ್ಲಿ ಇಂಥದ್ದು ಆಗುತ್ತಾ, ನೀವೇ ಹೇಳಿ. ಅವಳು ಹಾಸ್ಟೆಲಲ್ಲೇ ಇರ್ಲಿ, ನಾನು ಪೂರ್ತಿ ಮನುಷ್ಯ ಆದ್ಮೇಲೆ ಕರ್ಕೊಂಡು ಬರ್ತೀನಿ. ಈಗ ಮಾವನವರ ಉಳಿಗಳನ್ನ ಕೊಡಿ ಸಾಕು' ಎಂದ.

ನಂಬಿದೆ ಗುಬ್ಬಿ, ಒಳಗೆ ಕರೆದು ಕೂರಿಸಿದೆ. ಬೈಯಬೇಡ. ಒಲೆಯ ಮೇಲೆ ಹಾಲಿಟ್ಟು, ಉಳಿಗಳ ಪೆಟ್ಟಿಗೆ ತಂದು ಮುಚ್ಚಳ ತೆಗೆದು ಅವನ ಮುಂದೆ ಇಟ್ಟೆ. ಕೊಡುವ ಮೊದಲು ವಾಚನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ನಿನ್ನಪ್ಪನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ಹೋದೆ.

ಎಂಥಾ ಕೆಲಸ! ತಗಡನ್ನೆಲ್ಲ ಕೊಯ್ದು ತೆಗೆದು, ಚಕ್ರಗಳನ್ನು ಹಿಡಿದಿಡುವ ಪಟ್ಟಿಗಳನ್ನು ಹುಲ್ಲುಕಡ್ಡಿಯಷ್ಟು ಸಣ್ಣಗೆ ಉಳಿಸಿ, ಅದರ ಮೇಲೆ ಬಳ್ಳಿ. ಒಳಗೆ ಸ್ಪ್ರಿಂಗು ಉಸಿರಾಡುವುದು ಕೂಡ ಕಾಣುತ್ತಿತ್ತು. ಆಮೇಲೆ ಎಲೆಗಳ ನರ ನೋಡಿದೆ. ಎಲ್ಲರೂ ನರವನ್ನು ತೊಟ್ಟಿನಿಂದ ತುದಿಗೆ ತಳ್ಳುತ್ತಾರೆ. ತುದಿಯಿಂದ ಶುರುಮಾಡಿ ತೊಟ್ಟಿನಲ್ಲಿ ಕರಗಿಸುತ್ತಿದ್ದವರು ನಿನ್ನಪ್ಪ ಒಬ್ಬರು. ಅವರು ಕಲಿಸಿದ್ದು ನಿನಗೊಬ್ಬಳಿಗೆ. ಹಾಸ್ಟೆಲೂ ಇಲ್ಲ, ಹೊಲಿಗೆಯೂ ಇಲ್ಲ, ನೀನು ಅವನ ಹತ್ತಿರವೇ ಇದ್ದೀ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ, ಗಂಡ ಹೆಂಡತಿ ಅಂತ. ವಾಚನ್ನು ಬೆಳಕಿಗೆ ಓರೆ ಮಾಡಿದೆ. ಬಲಗೈಯವರು ಉಳಿಯನ್ನು ಒಂದೇ ಕಡೆ ವಾಲಿಸುತ್ತಾರೆ, ಅದಕ್ಕೇ ಗೀರುಗಳ ಒಂದೇ ಮಗ್ಗುಲು ಹೊಳೆಯುತ್ತದೆ, ಎಲೆಗಳೆಲ್ಲ ಒಟ್ಟಿಗೆ ಮಿಂಚುತ್ತವೆ. ಮಿಂಚಿದವು. ಸ್ಪ್ರಿಂಗಿನ ಡಬ್ಬಿಯ ಪಕ್ಕದ ಪಟ್ಟಿಯಲ್ಲಿ ಮಾತ್ರ ಕೆಲವು ಎಲೆ ಕಪ್ಪಗೆ ಸತ್ತು ಕೂತಿದ್ದವು. ವಾಚನ್ನು ಆಚೆಗೆ ತಿರುಗಿಸಿದೆ. ಈಗ ಅವು ಮಿಂಚಿದವು, ಉಳಿದವು ಆರಿಹೋದವು. ಅಲ್ಲಿಂದ ಮುಂದೆ ನೀನು ಎಡಗೈಯಲ್ಲಿ ಕೆತ್ತಿದ್ದೀ. ಗೀರು ನಡುಗಿದೆ, ಒಂದೊಂದನ್ನು ಎರಡೆರಡು ಸಲ ಎಳೆದಿದ್ದೀ. ಬಲಗೈ ಇದ್ದವಳು ಎಡಗೈಗೆ ಯಾಕೆ ಉಳಿ ಕೊಡುತ್ತಾಳೆ?

ಜೋರಾಗಿ ಕೇಳಲು ಧೈರ್ಯವಿರಲಿಲ್ಲ. ಇದನ್ನು ಎಡಗೈಯಲ್ಲಿ ಕೆತ್ತಿದಿರಾ ಅಂತ ಮೆಲ್ಲಗೆ ಕೇಳಿದೆ. ಅವನ ಮುಖದ ನಗು ಹಾಗೇ ಇತ್ತು. 'ಯಾರು ಹೇಳಿದ್ರು ನಿಮ್ಗೆ? ಅವಳು ನನ್ನ ಕಣ್ಣು ತಪ್ಪಿಸಿ ಕಾಗದ ಬರೆದ್ಲಾ?' ಎಂದು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ. ಎಲ್ಲಿದ್ದಾಳೆ ಎಂದೆ. 'ಅಂಗಡಿ ಹಿಂದಿನ ರೂಮಲ್ಲಿ ರಾಣಿ ಹಾಗೆ ಇಟ್ಟಿದೀನಿ. ಬೀಗ ಹಾಕಿ. ರಾಣಿಯರನ್ನ ಹಾಗೇ ಅಲ್ವಾ ಇಡೋದು?' ಎಂದ. ಕೈಗೇನಾಯ್ತು ಎಂದೆ. 'ಒಂದು ಎಲೆ ಕೆಡಿಸಿದ್ಲು' ಎಂದು ತನ್ನ ಎರಡು ಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿ ತೋರಿಸಿದ.

ನಾನು ಕಿರುಚಿದೆನಂತೆ. ಕೂದಲು ಹಿಡಿದು ನನ್ನ ಮುಖವನ್ನು ನಿನ್ನಪ್ಪನ ಕೆಲಸದ ಹಲಗೆಗೆ ಅಪ್ಪಳಿಸಿದ. ಮೂಗಿನ ಒಳಗೆ ಏನೋ ಪುಡಿಯಾದ ಸದ್ದು ನನಗೇ ಕೇಳಿಸಿತು. ಇನ್ನೊಂದು ಸಲ ಅಪ್ಪಳಿಸಿದ. ಬಾಯಲ್ಲಿ ಹಲ್ಲು ಉರುಳಾಡಿತು. ಅಂಗಾತ ಕೆಡವಿ ಎದೆಯ ಮೇಲೆ ಮಂಡಿಯೂರಿ ಕತ್ತು ಹಿಸುಕಿದ. 'ತಾಯಿ ಮಗಳಿಬ್ರಿಗೂ ಕಣ್ಣು ಜಾಸ್ತಿ' ಎನ್ನುತ್ತಿದ್ದ. ನನ್ನ ಬುದ್ಧಿ ನೋಡು, ಹಾಲು ಉಕ್ಕುತ್ತದಲ್ಲಾ, ಒಲೆ ಆರಿಸಬೇಕಲ್ಲಾ ಅಂತಲೇ ಯೋಚನೆ. ಪೆಟ್ಟಿಗೆ ಮಗುಚಿ ಉಳಿಗಳೆಲ್ಲ ನೆಲಕ್ಕೆ ಚೆಲ್ಲಿದ್ದವು. ಕೈಗೆ ಒಂದು ಸಿಕ್ಕಿತು. ಅಣಬೆಯಂಥ ಹಿಡಿ ಅಂಗೈಗೆ ತಾನಾಗಿ ಬಂದು ಕೂತಿತು. ತಳ್ಳಿದೆ. ಹಿತ್ತಾಳೆಯಷ್ಟು ಗಟ್ಟಿಯಿರುವುದಿಲ್ಲ ಮನುಷ್ಯನ ಕತ್ತು. ಬಿಸಿರಕ್ತ ನನ್ನ ಕಣ್ಣಿಗೇ ಹೊಡೆಯಿತು.

ಇಸ್ತ್ರಿ ಅಂಗಡಿಯವಳು ಕಿಟಕಿ ಸರಳಿನಿಂದ ನೋಡಿ, 'ಅಯ್ಯೋ ಅಕ್ಕಾ, ಇರುವೆ ತುಳಿದ್ರೂ ಅಳೋಳಲ್ವೇನೇ ನೀನು!' ಎಂದು ಬೊಬ್ಬೆ ಹಾಕಿ ಬೀದಿಯವರನ್ನು ಸೇರಿಸಿದಳು. ಅವರು ಬಾಗಿಲು ಒಡೆಯುವಷ್ಟರಲ್ಲಿ ಅವನ ಜೇಬಿನಿಂದ ಬೀಗದ ಕೈ ತೆಗೆದು ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಸದ್ಯಕ್ಕೆ ನಿನ್ನ ಹತ್ತಿರ ಬರುವ ಸ್ಥಿತಿಯಲ್ಲಿಲ್ಲ, ಹೆದರಬೇಡ.

ಆ ಬೀಗದ ಕೈಯನ್ನೂ ಈ ಕಾಗದವನ್ನೂ ನಿನ್ನ ಸೋದರಮಾವನಿಗೆ ಕೊಟ್ಟು ಕಳಿಸುತ್ತಿದ್ದೇನೆ. ಅವನನ್ನು ಏನೂ ಕೇಳಬೇಡ, ಬಾಯಿ ತೆರೆದರೆ ಮೊದಲು ಅಳು ಬರುತ್ತದೆ, ಮಾತು ಆಮೇಲೆ. ಒಂದು ಜೊತೆ ಬಟ್ಟೆ ತೆಗೆದುಕೊಂಡು ಅವನ ಜೊತೆ ಹೊರಡು. ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗು, ಬೆರಳು ಸೊಟ್ಟ ಕೂಡಿಕೊಂಡಿದ್ದರೆ ಮತ್ತೆ ಸರಿಮಾಡುತ್ತಾರಂತೆ, ನೋವಾಗುತ್ತದೆ, ಸಹಿಸಿಕೋ. ಆಮೇಲೆ ಸೋದರಮಾವನ ಮನೆಗೇ ಹೋಗು. ನಮ್ಮ ಮನೆಗೆ ಬರಬೇಡ, ನೆಲ ಇನ್ನೂ ತೊಳೆದಿಲ್ಲ.

ನನ್ನ ಹತ್ತಿರ ಯಾಕೆ ಸುಳ್ಳು ಬರೆದೆ ಅಂತ ಕೇಳುವುದಿಲ್ಲ. ಅಮ್ಮ ಹೆದರುಪುಕ್ಕಲಿ, ಗೊತ್ತಾದರೆ ಎದೆಯೊಡೆದು ಸಾಯುತ್ತಾಳೆ ಅಂದುಕೊಂಡಿರಬೇಕು.

ಸದಾ ನಿನ್ನ ಚಿಂತೆಯಲ್ಲೇ ಇರುವ,
ಅಮ್ಮ

ತಾ.ಕ.: ಮೇಲೆ ಸದ್ಯಕ್ಕೆ ಅಂತ ಬರೆದೆ. ಅವನು ಇನ್ನೆಂದಿಗೂ ಬರುವುದಿಲ್ಲ ಗುಬ್ಬಿ, ಆಸ್ಪತ್ರೆಯ ಬಾಗಿಲಲ್ಲೇ ಹೋದನಂತೆ. ಇದನ್ನು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಹಾಳೆ ಕೊಟ್ಟದ್ದು ಮಹಿಳಾ ಪೇದೆ. ನಾನು ಚುಚ್ಚಿದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯದಕ್ಕೇ ಅವನ ಕೈ ಸಡಿಲವಾಗಿತ್ತು, ನಾನು ಎದ್ದು ಓಡಬಹುದಿತ್ತು. ಮೊದಲನೆಯದು ನನ್ನ ಕತ್ತಿಗಾಗಿ. ಎರಡನೆಯದು ಆ ಎಲೆಗಳಿಗಾಗಿ. ಇನ್ಸ್‌ಪೆಕ್ಟರಿಗೆ ಇದನ್ನೇ ಹೇಳಿದೆ. 'ಎಲೆ ನೋಡಿ ಕೈ ಯಾವುದು ಅಂತ ಗೊತ್ತಾಗುತ್ತೇನಮ್ಮಾ? ಕೋರ್ಟಲ್ಲಿ ನಗ್ತಾರೆ' ಎಂದರು. ಅವನು ಬೆರಳು ಬಗ್ಗಿಸಿ ತೋರಿಸಿದ್ದು ನಿಜ, ಆದರೆ ಅದು ಬರೀ ಹೆದರಿಸಲಿಕ್ಕೋ ಏನೋ, ಉಳಿ ಮೊಂಡಾದರೂ ಗೀರು ನಡುಗುತ್ತದಲ್ಲಾ ಅಂತ ಈಗ ಅನ್ನಿಸುತ್ತಿದೆ. ವಾಚು ಇವರ ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿದೆ. ನಿನ್ನನ್ನು ಕರೆಸಿದಾಗ ಅದನ್ನು ಕೇಳಿ ತೆಗೆದುಕೊ. ಇಲ್ಲಿನ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ, ಕಿಟಕಿಗೆ ಒಯ್ದು, ಸ್ಪ್ರಿಂಗಿನ ಡಬ್ಬಿಯ ಪಕ್ಕದ ಪಟ್ಟಿಯನ್ನು ಎರಡೂ ಕಡೆಗೆ ಓರೆ ಮಾಡಿ ಇನ್ನೊಂದು ಸಲ ನೋಡಿ ಹೇಳು, ಅವು ಎಡಗೈಯವೇ ತಾನೆ?