ಹುಳಿಗೆ ಕರಗುವ ಕಲ್ಲು

ಮರೀನಾ ದಿ ಕರಾರಾ, ಇಟಲಿ
೨೩ ಮೇ ೨೦೦೪

ಪೂಜ್ಯ ಅಪ್ಪನವರಿಗೆ,

ಕಡಲ ದಂಡೆಯ ಈ ಊರಿನಿಂದ ನಿಮ್ಮ ಕಾಂಚನಾಳ ಶರಣಾರ್ಥಿಗಳು. ತಲುಪಿದ ದಿನವೇ ಬರೆಯುತ್ತೇನೆಂದು ಗದಗಿನ ರೈಲು ನಿಲ್ದಾಣದಲ್ಲಿ ಮಾತು ಕೊಟ್ಟವಳು ರಜೆಯ ಅರ್ಧ ಕಳೆದ ಮೇಲೆ ಬರೆಯಲು ಕುಳಿತಿದ್ದೇನೆ, ಕ್ಷಮಿಸಬೇಕು. ಇದಕ್ಕೆ ಸೋಮಾರಿತನ ಕಾರಣವಲ್ಲ. ನೀವು ಕೇಳಿ ಕಳಿಸಿದ ಪ್ರಶ್ನೆಯನ್ನು ಬದಿಗಿಟ್ಟು ಬರಿಯ ಪ್ರವಾಸದ ವರದಿ ಒಪ್ಪಿಸುವುದು ನನಗೆ ಸರಿಕಾಣಲಿಲ್ಲ. ಫೋನಿನಲ್ಲಂತೂ ನೀವು "ಆರಾಮ ಅದೀರೇನು?" ಅನ್ನುತ್ತೀರಿ, ನಾನು "ಹೂಂರಿ" ಅನ್ನುತ್ತೇನೆ, ಅಷ್ಟರಲ್ಲಿ ಮಹಾದೇವ ಭಾವ ಗಡಿಯಾರದ ಕಡೆ ನೋಡುತ್ತಾರೆ.

ಆ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿಯೇ ನೆನಪಿಟ್ಟುಕೊಂಡಿದ್ದೇನೆ. "ನೀಲಾ ಹೋಗಿ ಎರಡು ವರ್ಷ ಆತು. ಕೂಸುಗಳಿಗೆ ಹೊರಗಿನಾಕಿ ಬಂದ್ರ ಹೆಂಗೋ ಏನೋ. ಮಹಾದೇವನ ಮನ್ಯಾಗ ನಿನ್ನ ಕೇಳ್ಯಾರ. ನಾ ಒತ್ತಾಯ ಮಾಡೂದಿಲ್ಲ. ಹುಡುಗರ ಜೋಡಿ ಹೋಗಿ ಇದ್ದು ನೋಡು. ಮನಸ್ಸು ಏನ ಅಂತೈತಿ ಬರದು ತಿಳಸು." ಅಕ್ಕ ಕಾಮಾಲೆಯಿಂದ ತೀರಿಕೊಂಡ ಮನೆಗೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸದಲ್ಲ, ಕೊಡುವ ಮುನ್ನ ತಂಗಿಯನ್ನು ಕೇಳುವುದು ಹೊಸದು. ನೀವು ಕೇಳಿದಿರಿ. ಬಂದ ದಿನದಿಂದ ನಾನು ಇಲ್ಲಿಯ ಪ್ರತಿಯೊಂದನ್ನೂ ಎರಡು ಕಣ್ಣುಗಳಿಂದ ನೋಡುತ್ತಿದ್ದೇನೆ: ಒಂದು ಆಗಸ್ಟಿನಲ್ಲಿ ಧಾರವಾಡದಲ್ಲಿ ಸಂಶೋಧನೆಗೆ ಸೇರಬೇಕಾದವಳ ಕಣ್ಣು, ಇನ್ನೊಂದು ಮುಂಡರಗಿಯ ಮನೆಯ ಸೊಸೆಯಾಗಬಹುದಾದವಳ ಕಣ್ಣು.

ಮೊದಲ ಕಣ್ಣು ಬಂದ ಕೂಡಲೇ ಮೋಸ ಹೋಯಿತೆಂದು ಹೇಳಿಬಿಡುತ್ತೇನೆ. ರೈಲಿನ ಕಿಟಕಿಯಿಂದ ದೂರದ ಬೆಟ್ಟಗಳ ನೆತ್ತಿ ಬೆಳ್ಳಗೆ ಹೊಳೆಯುತ್ತಿತ್ತು. ಮೇ ತಿಂಗಳಿನಲ್ಲಿಯೂ ಕರಗದ ಹಿಮ ಎಂದು ನಾನು ಮಕ್ಕಳಿಗೆ ವಿವರವಾಗಿ ಪಾಠ ಮಾಡಿದೆ. ಎದುರಿಗೆ ಕುಳಿತ ಭಾವ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಮಾತು ಮುಗಿದ ಮೇಲೆ, "ಅದು ಹಿಮ ಅಲ್ಲ ಕಾಂಚನಾ, ಕಲ್ಲಿನ ಗಣಿ. ಗುಡ್ಡ ಕಡದು ಚೂರು ಕೆಳಗ ಸುರುವ್ಯಾರ" ಅಂದರು. ಆರು ವರ್ಷದ ಪ್ರಜ್ವಲ ನನ್ನ ಮುಖ ನೋಡಿ, "ಚಿಗವ್ವ, ನಿನಗ ಭೂವಿಜ್ಞಾನದಾಗ ಬಂಗಾರದ ಪದಕ ಖರೇನ ಕೊಟ್ಟಾರನ?" ಎಂದು ಕೇಳಿದ. ಇಡೀ ಡಬ್ಬಿಯಲ್ಲಿ ಕನ್ನಡ ಬಲ್ಲವರು ನಾವಷ್ಟೇ ಇದ್ದುದು ನನ್ನ ಪುಣ್ಯ.

ಭಾವ ಪ್ರತಿವರ್ಷ ಕಲ್ಲು ಕೊಯ್ಯುವ ಯಂತ್ರ ನೋಡಲು ಬರುವ ಊರು ಇದು. ಮುಂಡರಗಿಯಲ್ಲಿ ಅವರು ಗ್ರಾನೈಟ್ ಕೊಯ್ಯುತ್ತಾರೆ, ಇಲ್ಲಿಯವರು ಅಮೃತಶಿಲೆ ಕೊಯ್ಯುತ್ತಾರೆ. ಈ ಸಲ ಕೆಲಸ ಎರಡೇ ದಿನದ್ದು, ಉಳಿದದ್ದು ಮಕ್ಕಳಿಗಾಗಿ. ಕಡಲಿಗೆ ಹತ್ತಿರದ ಒಂದು ಮನೆಯ ಮೇಲಂತಸ್ತು ಬಾಡಿಗೆಗೆ ಸಿಕ್ಕಿದೆ. ಒಂದು ಕೋಣೆಯಲ್ಲಿ ಭಾವ ಮತ್ತು ಪ್ರಜ್ವಲ. ಇನ್ನೊಂದರಲ್ಲಿ ನಾನು, ಮೂರು ವರ್ಷದ ಸಿಂಚನಾ ಮತ್ತು ಭಾವನ ತಾಯಿ ಗದಿಗೆವ್ವ ಅತ್ತೆಯವರು. ಅತ್ತೆಯವರು ಒಂದು ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಾರೆ. "ಇಲ್ಲಿ ಮಂದಿ ಬರೇ ಮೈದಾ ತಿಂತಾರವ್ವ, ಹೊಟ್ಟ್ಯಾಗ ಕಲ್ಲು ಕುಂತಂಗ ಆಗೂದಿಲ್ಲೇನ ಇವರಿಗೆ?" ಎಂಬುದು ಅವರ ಸಂಶೋಧನೆ.

ಪೀಸಾದ ವಾಲಿದ ಗೋಪುರಕ್ಕೂ ಹೋಗಿಬಂದೆವು. ಜನರು ಅದನ್ನು ಅಂಗೈಯಿಂದ ತಳ್ಳಿ ಹಿಡಿದಂತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅತ್ತೆಯವರು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಪುರದ ಬುಡವನ್ನೇ ದಿಟ್ಟಿಸಿದರು. "ಎರಿ ನೆಲದಾಗ ಪಾಯಾ ಹಾಕ್ಯಾರ. ಕುರ್ತಕೋಟ್ಯಾಗ ನಮ್ಮಪ್ಪನ ಮನಿ ಗ್ವಾಡಿನೂ ಹಿಂಗ ವಾಲಿತ್ತು. ನೋಡಾಕ ಒಂದು ನಾಯಿ ಸೈತ ಬರಲಿಲ್ಲ." ಇಲ್ಲಿಯದು ನಮ್ಮ ಎರೆಮಣ್ಣಲ್ಲ, ಆದರೆ ಒಂದು ಬದಿಯ ನೆಲ ಮೆತ್ತಗಿರುವುದು ನಿಜ. ಅವರಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಉಳಿದೆರಡು ಯಾಕೆ ಕಳೆದೆ ಎಂದು ಬಸ್ಸಿನಲ್ಲಿ ಜಗಳ ತೆಗೆದರು.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಸಿಂಚನಾ ನನ್ನ ಹೆಗಲ ಮೇಲೆಯೇ ನಿದ್ದೆ ಮಾಡುತ್ತಾಳೆ, ಮರಳಿನ ಮೇಲೆ ಕಾಲಿಡಲು ಒಲ್ಲೆನೆನ್ನುತ್ತಾಳೆ, ಅಲೆ ಬಂದರೆ "ಹೋಗಲೇ" ಎಂದು ಗದರಿಸುತ್ತಾಳೆ. ಪ್ರಜ್ವಲನ ತಲೆಯಲ್ಲಿ ಬರಿಯ ಪ್ರಶ್ನೆಗಳು: ಅಲೆಗೆ ದಣಿವಾಗುವುದಿಲ್ಲವೇ, ಇಟಲಿಯ ಕಾಗೆಗೆ ನಮ್ಮ ಕಾಗೆಯ ಮಾತು ತಿಳಿಯುತ್ತದೆಯೇ. ವಿಮಾನ ನಿಲ್ದಾಣದ ಅಧಿಕಾರಿಯನ್ನೂ ಅವನು ಬಿಟ್ಟಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಲಕ್ಷ್ಮೇಶ್ವರ, ಧಾರವಾಡ ಜಿಲ್ಲೆ ಎಂದಿದೆ, ಅವನದರಲ್ಲಿ ಲಕ್ಷ್ಮೇಶ್ವರ, ಗದಗ ಜಿಲ್ಲೆ. ಒಂದೇ ಊರು ಎರಡು ಜಿಲ್ಲೆಯಲ್ಲಿ ಹೇಗೆ ಎಂದು ಅಧಿಕಾರಿ ಕೇಳಿದ್ದಕ್ಕೆ, "ಊರು ಅಲ್ಲೇ ಐತ್ರಿ, ಜಿಲ್ಲಾ ಹೊಸಾದು" ಎಂದು ಕನ್ನಡದಲ್ಲಿಯೇ ಉತ್ತರಿಸಿದ. ಈ ಎರಡು ಜೀವಗಳನ್ನು ನಾನು ಪ್ರೀತಿಸುತ್ತೇನೆಯೇ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಉತ್ತರ ಮೊದಲ ದಿನವೇ ಸಿದ್ಧವಿತ್ತು.

ಆದರೆ ಮೊನ್ನೆ ಒಂದು ಘಟನೆ ನಡೆಯಿತು. ಈ ಮನೆಯ ಅಡುಗೆಕಟ್ಟೆ ಹಾಲಿನ ಬಣ್ಣದ ಅಮೃತಶಿಲೆಯದು. ನಾವು ಕಡಲಿಗೆ ಹೋದಾಗ ಅತ್ತೆಯವರು ಒಂದು ಬುಟ್ಟಿ ನಿಂಬೆಹಣ್ಣು ಹೋಳು ಮಾಡಿ ಆ ಕಟ್ಟೆಯನ್ನು ಮನಸಾರೆ ತಿಕ್ಕಿದ್ದಾರೆ. ಬಂದು ನೋಡಿದರೆ ಹೊಳಪು ಹೋಗಿ, ಮಂಜು ಕವಿದ ಗಾಜಿನಂತಾಗಿದೆ.

"ಜಿಡ್ಡಿತ್ತು ಅಂತ ತಿಕ್ಕಿದೆ. ನಮ್ಮ ಮನಿ ಕಟ್ಟಿ ಹಿಂಗ ತಿಕ್ಕಿದರ ಕನ್ನಡಿ ಆಗತೈತಿ" ಅಂದರು ಅತ್ತೆಯವರು.

"ಅತ್ತಿ, ನಿಮ್ಮ ಮನೀದು ಗ್ರಾನೈಟ್. ಇದು ಬ್ಯಾರೆ ಕಲ್ಲು. ಹುಳಿ ಬಿದ್ರ ಕರಗತೈತಿ."

"ಕಲ್ಲು ಕರಗತೈತಂತ. ಸಾಲಿ ಕಲ್ತಾಕಿ ಅಂತ ಏನ ಹೇಳಿದ್ರೂ ನಂಬಬೇಕನ?"

ಅಂಗಳದಲ್ಲಿ ಬಿದ್ದಿದ್ದ ಒಂದು ಚೂರು ತಂದು ನಿಂಬೆರಸ ಹಿಂಡಿ ತೋರಿಸಿದೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಅಯ್ ಶಿವನ, ಜೀವಂತ ಐತಲ್ಲ ಇದು" ಅಂದರು. ನಾನು ಮುಂದಿನ ವಿವರಣೆಗೆ ತೊಡಗುವಷ್ಟರಲ್ಲಿ ಪ್ರಜ್ವಲ ಇನ್ನೊಂದು ಹೋಳು ಹಿಡಿದು ಅಮೃತಶಿಲೆಯ ಮೆಟ್ಟಿಲುಗಳ ಕಡೆಗೆ ಓಡಿಯಾಗಿತ್ತು.

ಅದೇ ಮೆಟ್ಟಿಲು ಹತ್ತಿ ಮನೆಯ ಒಡತಿ ಲುಚಿಯಾ ಬಂದರು. ಕಟ್ಟೆ ನೋಡಿ, ಹುಡುಗನ ಕೈಯ ನಿಂಬೆ ನೋಡಿ, ಸಿಂಚನಾಳನ್ನು ಎತ್ತಿಕೊಂಡಿದ್ದ ನನ್ನ ಕಡೆಗೆ ತಿರುಗಿದರು. ಹರುಕು ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: ಮಮ್ಮಾ ಆದವಳು, ಮನೆ ನಡೆಸುವವಳು, ಅಮೃತಶಿಲೆಗೆ ಹುಳಿ ತಾಗಿಸಬಾರದೆಂಬ ತಿಳಿವಳಿಕೆ ಬೇಡವೇ? ಆ ಮನೆಯಲ್ಲಿ ಅದರ ರಾಸಾಯನಿಕ ಸೂತ್ರ ಬಲ್ಲವಳು ನಾನೊಬ್ಬಳೇ, ಬೈಗುಳ ತಿಂದವಳೂ ನಾನೊಬ್ಬಳೇ. ನಾನು ತಾಯಿಯಲ್ಲ ಎಂದು ಹೇಳಲು ಬಾಯಿ ತೆರೆದಾಗ ಅತ್ತೆಯವರು ನನ್ನ ಮೊಣಕೈ ಹಿಡಿದರು. "ಮಮ್ಮಾ ಅಂದ್ರ ಅನ್ನಲಿ ಬಿಡವ್ವ. ಪರದೇಶದಾಕಿ ಬಾಯಾಗ ತಾನ ಬಂದೈತಿ, ಶುಭ."

ಅಂದಿನಿಂದ ಸಿಂಚನಾ ಕೂಡ ಆಟಕ್ಕೆಂದು ನನ್ನನ್ನು ಮಮ್ಮಾ ಎಂದು ಕರೆಯತೊಡಗಿದ್ದಾಳೆ. ಅಪ್ಪಾ, ಸುಳ್ಳು ಬರೆಯಲಾರೆ. ಆ ಕರೆ ಕಿವಿಗೆ ಹಿತವಾಗಿತ್ತು. ಕರೆದಾಗ ತಿರುಗಿ ನೋಡಿದೆ, ಓಗೊಟ್ಟೆ. ಹೀಗೆ ಇನ್ನೊಂದು ವಾರ ಓಗೊಟ್ಟರೆ ನನ್ನ ಉತ್ತರವನ್ನು ಆ ಕೂಸೇ ಬರೆದು ಮುಗಿಸುತ್ತದೆ ಎನಿಸಿತು. ಆ ರಾಗಕ್ಕೆ ಅತ್ತೆಯವರ ತಾಳ ಬೇರೆ: "ಧಾರವಾಡ ಗೀರವಾಡ ಯಾಕವ್ವ? ನಮ್ಮ ಮನಿ ಕಾರ್ಖಾನ್ಯಾಗ ಕಲ್ಲು ಏನ ಕಮ್ಮಿ ಅದಾವನ? ಮನಿ, ಹುಡುಗರನ್ನ ನೋಡ್ಕೊಂಡು ಬಿಡುವಿನಾಗ ಅವನ್ನ ನೋಡ್ಕೋತ ಕುಂಡ್ರು."

ನಿನ್ನೆ ಭಾವ, ಪ್ರಜ್ವಲ ಮತ್ತು ನಾನು ಗಣಿ ನೋಡಲು ಹೋಗಿದ್ದೆವು. ಎಷ್ಟು ಬರೆದರೂ ಕಡಿಮೆ. ಗುಡ್ಡದ ಹೊಟ್ಟೆಯನ್ನು ತಂತಿಯಿಂದ ಬೆಣ್ಣೆ ಕೊಯ್ದಂತೆ ಕೊಯ್ಯುತ್ತಾರೆ. ಭಾವ ಸಣ್ಣ ಸುತ್ತಿಗೆಯಿಂದ ಒಂದು ಬಂಡೆಯನ್ನು ಬಡಿದು, ಕಿವಿಗೊಟ್ಟು, ಇನ್ನೊಂದಕ್ಕೆ ಹೋಗುತ್ತಿದ್ದರು. ಒಳಗೆ ಬಿರುಕಿದ್ದರೆ ಸಪ್ಪಳ ಒಡೆದು ಬರುತ್ತದಂತೆ. ಕಡಲ ತಳದ ಚಿಪ್ಪುಗಳು ಒತ್ತಡಕ್ಕೂ ಕಾವಿಗೂ ಸಿಕ್ಕಿ ಈ ಕಲ್ಲಾದವೆಂದು ಪ್ರಜ್ವಲನಿಗೆ ಹೇಳಿದೆ. "ಹಂಗಾರ ಆ ಚಿಪ್ಪು ಎಲ್ಲಿ ಹೋದುವು?" ಎಂದ. "ಇದರಾಗ ಅದಾವ. ಗುರ್ತು ಸಿಗೂದಿಲ್ಲ." ಬಹಳ ಹೊತ್ತು ಕಲ್ಲಿಗೆ ಕಣ್ಣು ಹಚ್ಚಿ ಹುಡುಕಿದ.

ಅವನು ಹುಡುಕುತ್ತಿರುವಾಗ ಭಾವ ನನ್ನ ಕಡೆ ನೋಡದೆಯೇ ಮಾತು ತೆಗೆದರು. "ನಿಮ್ಮಪ್ಪಾರು ಉತ್ತರ ಬರಿಯಾಕ ಹೇಳ್ಯಾರಂತ ಗೊತ್ತೈತಿ. ನಮ್ಮವ್ವನ ಮಾತು ಕಿವ್ಯಾಗ ಹಾಕ್ಕೋಬ್ಯಾಡ. ಬ್ಯಾಡ ಅನಿಸಿದರ ಬ್ಯಾಡ ಅಂತ ಬರಿ."

"ನಿಮಗೇನು ಅನಿಸತೈತ್ರಿ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ; ನನ್ನ ಸ್ವಭಾವ ನಿಮಗೆ ಗೊತ್ತು.

"ಹುಡುಗರಿಗೆ ಒಬ್ಬರು ಬೇಕು. ಅದಕ್ಕಿಂತ ಹೆಚ್ಚಿಗಿ ಹೇಳಿದರ ಸುಳ್ಳಾಗತೈತಿ. ಇನ್ನೂ ಬಾಗಲಾ ಸಪ್ಪಳಾದ್ರ ನೀಲಾ ಬಂದ್ಲು ಅಂತ ತಿರುಗತೀನಿ."

ಸಭ್ಯ ಮನುಷ್ಯ, ಅಪ್ಪಾ. ಇದಕ್ಕಿಂತ ನೇರವಾದ ಮಾತನ್ನು ನಾನು ಯಾವ ಗಂಡಸಿನ ಬಾಯಿಂದಲೂ ಕೇಳಿಲ್ಲ.

ಇನ್ನು ನನ್ನ ಉತ್ತರ. ಬಹಳ ಯೋಚಿಸಿ ಬರೆಯುತ್ತಿದ್ದೇನೆ: ಇಲ್ಲ. ಮಕ್ಕಳಿಗೆ ಆಸರೆಯಾಗುವುದು ಮತ್ತು ಅವರ ತಂದೆಗೆ ಹೆಂಡತಿಯಾಗುವುದು ಎರಡು ಬೇರೆ ಮಾತುಗಳು. ನೀವೆಲ್ಲರೂ ಅವನ್ನು ಒಂದೇ ಗಂಟಿನಲ್ಲಿ ಕಟ್ಟಿ ನನ್ನ ಮುಂದೆ ಇಟ್ಟಿದ್ದೀರಿ. ಗಂಟು ಬಿಚ್ಚಿ ಮೊದಲನೆಯದನ್ನು ನಾನು ತೆಗೆದುಕೊಳ್ಳುತ್ತೇನೆ. ಧಾರವಾಡದಿಂದ ಮುಂಡರಗಿ ಸಮುದ್ರದಾಚೆಗಿಲ್ಲ. ಪ್ರತಿ ರಜೆಗೂ ಹುಡುಗರು ನಮ್ಮ ಹತ್ತಿರ ಲಕ್ಷ್ಮೇಶ್ವರಕ್ಕೆ ಬರಲಿ, ಜ್ವರ ಬಂದರೆ ನಾನು ಓಡಿಹೋಗುತ್ತೇನೆ, ಓದು ಬರಹ ನನ್ನ ಹೊಣೆ. ಭಾವ ಮುಂದೆ ಯಾರನ್ನಾದರೂ ಮದುವೆಯಾದರೆ ಬರುವವಳಿಗೆ ನಾನೇ ಅಕ್ಕರೆಯಿಂದ ಉಡಿ ತುಂಬುತ್ತೇನೆ. ಅತ್ತೆಯವರಿಗೆ ನೀವೇ ಹೇಳಬೇಕು. ನಾನು ಹೇಳಿದರೆ ಇಟಲಿಯ ಬಿಸಿಲು ತಲೆಗೆ ಹತ್ತಿದೆ ಎಂದಾರು. ಈ ಪತ್ರ ನಮಗಿಂತ ಮೊದಲು ನಿಮ್ಮ ಕೈಸೇರಲಿ ಎಂದು ನಾಳೆಯೇ ಹಾಕುತ್ತಿದ್ದೇನೆ.

ನಿಮ್ಮ ಊಟ ಸರಿಯಾಗಿ ಆಗುತ್ತಿದೆಯೆಂದು ನಂಬಿದ್ದೇನೆ. ಪಕ್ಕದ ಮನೆಯ ಮೋತಿಬಿಯವರಿಗೆ ನನ್ನ ಸಲಾಮು ತಿಳಿಸಿ. ಇಲ್ಲಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಾರೇನು ಎಂದು ಕೇಳಿದ್ದರು; ಚರ್ಚಿನಲ್ಲಿ ಕೆಲವು ಮುದುಕಿಯರು ಮಾತ್ರ ಕರಿಯ ಜಾಳಿಗೆ ಬಟ್ಟೆ ಹೊದೆಯುತ್ತಾರೆಂದು ಹೇಳಿರಿ. ಉತ್ತರ ನಿಮಗೆ ಬೇಸರ ತಂದರೂ ನಿಮ್ಮ ಕೈ ಎಂದಿನಂತೆ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು,
ಕಾಂಚನಾ ಅಂದಾನಪ್ಪ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದ ಕಾರಣಗಳೆಲ್ಲ ನಿಜ, ಆದರೆ ಅವು ನನಗೆ ಹೊಳೆದದ್ದು ನಿರ್ಧಾರ ಮಾಡಿದ ಮೇಲೆ. ಗಣಿಯಿಂದ ಇಳಿಯುವಾಗ ಭಾವ ಇನ್ನೊಂದು ಮಾತು ಹೇಳಿದರು. "ನೀಲಾಗ ಆದಂಗ ನಿನಗ ಆಗೂದು ಬ್ಯಾಡ" ಎಂದರು. ಏನಾಗಿತ್ತು ಎಂದು ಕೇಳಿದೆ. ನನಗೆ ತಿಳಿದಿಲ್ಲವೆಂಬುದು ಅವರಿಗೂ ತಿಳಿದಿರಲಿಲ್ಲ. ಅವ್ವ ತೀರಿಕೊಂಡ ವರ್ಷ ಅಕ್ಕ ಹತ್ತನೆಯ ತರಗತಿಯಲ್ಲಿ ಇಡೀ ಶಿರಹಟ್ಟಿ ತಾಲೂಕಿಗೆ ಮೊದಲಿಗಳಾಗಿದ್ದಳಂತೆ. ಧಾರವಾಡದಲ್ಲಿ ವಿಜ್ಞಾನಕ್ಕೆ ಪ್ರವೇಶವೂ ಸಿಕ್ಕಿತ್ತಂತೆ, ಟ್ರಂಕು ತುಂಬಿಯಾಗಿತ್ತಂತೆ. ನಾನು ಆರು ವರ್ಷದವಳು. ಸಣ್ಣವಳನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂದ ಮೇಲೆ ಅದೇ ಟ್ರಂಕಿನಲ್ಲಿ ನನ್ನ ಬಟ್ಟೆ ಮಡಚಿಟ್ಟಳಂತೆ.

ನನಗೆ ನೀವು ಹೇಳಿದ್ದು "ನೀಲಾಗ ಓದು ತಲಿಗಿ ಹತ್ತಲಿಲ್ಲ" ಎಂದು. ನನ್ನ ಫಲಿತಾಂಶ ಬಂದಾಗಲೆಲ್ಲ "ನಮ್ಮ ಮನಿತನದಾಗ ಮೊದಲನೇ ನಂಬರು ಬಂದಾಕಿ ನೀನ ಮೊದಲು" ಎಂದಿರಿ. ಆಗ ಅಕ್ಕ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪೇಢೆ ಹಂಚುತ್ತಿದ್ದಳು. ನಾನು ಬೀಜಗಣಿತ ವಿವರಿಸುವಾಗ ಗಲ್ಲಕ್ಕೆ ಕೈಹಚ್ಚಿ, ಜೀವಮಾನದಲ್ಲಿ ಮೊದಲ ಸಲ ಕೇಳುವವಳಂತೆ ಕೇಳುತ್ತಿದ್ದಳು. ಅವಳ ಜಾಗದಲ್ಲಿ ಕುಳಿತುಕೊಳ್ಳಲು ಈಗ ನನ್ನನ್ನು ಕರೆಯುತ್ತಿದ್ದೀರಿ. ನಾನು ಆರನೆಯ ವಯಸ್ಸಿನಿಂದ ಅಲ್ಲಿಯೇ, ಅವಳು ಓದಬೇಕಿದ್ದ ಜಾಗದಲ್ಲಿಯೇ, ಕುಳಿತಿದ್ದೇನಂತೆ.

ನೀವು ನನ್ನನ್ನು ಕೇಳಿದಿರಿ, ಉತ್ತರ ಕೊಟ್ಟಿದ್ದೇನೆ. ಅಕ್ಕನನ್ನೂ ಕೇಳಿದ್ದಿರಾ, ಅಪ್ಪಾ? ಕೇಳಿದ್ದರೆ, ಅವಳು ಏನೆಂದಳು?