ಒಂದು ಕೈ ಜೇಬಿನಲ್ಲಿರಲಿ

ಹಗರಿಬೊಮ್ಮನಹಳ್ಳಿ
ಭಾನುವಾರ, ೧೬ ನವೆಂಬರ್ ೨೦೨೫

ಕ್ರಾಂತಿಯ ಅಪ್ಪನವರಿಗೆ,

ಸುಜಾತಾಳ ಜೈಭೀಮ್. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಅವ್ವನ ಮೊಣಕಾಲು ನೋವು, ಬಾಯಿ, ಎರಡೂ ಮೊದಲಿನ ಹಾಗೇ ಇವೆ. ಹರಪನಹಳ್ಳಿಯಲ್ಲಿ ನೀವೂ ಅಂಜಿನಕ್ಕನೂ ಕ್ಷೇಮವೆಂದು ತಿಳಿಯಿತು. ತಿಳಿದದ್ದು ನಿಮ್ಮಿಂದಲ್ಲ, ನಿಮ್ಮ ಅಕ್ಕನಿಂದ. ನಾನು ಫೋನು ಮಾಡಿದರೆ ನೀವು "ಹ್ಞೂಂ" ಅನ್ನುತ್ತೀರಿ, "ಆತು" ಅನ್ನುತ್ತೀರಿ, ಆಮೇಲೆ "ಕ್ರಾಂತಿಗೆ ಕೊಡು" ಅನ್ನುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೇ ಕಟ್ ಮಾಡಲು ಬರುವುದಿಲ್ಲ. ಬೇಕಾದರೆ ಹರಿದು ಹಾಕಿ, ಆದರೆ ಓದಿಯೇ ಹರಿಯುತ್ತೀರಿ ಎಂದು ನನಗೆ ಗೊತ್ತು. ರಿಪೇರಿಗೆ ಬಂದ ಸಾಮಾನಿಗೆ ಸುತ್ತಿದ ಹಳೇ ಪೇಪರನ್ನೂ ಓದದೆ ಎಸೆದವರಲ್ಲ ನೀವು.

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಮಳೆಗಾಲ ಶುರುವಾದಾಗ ಚೀಲ ಹಿಡಿದು ಬಸ್ಸು ಹತ್ತಿದವರು ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತೀರಿ, ಬಂದ ಮೇಲೆ ಎದುರಿಗೇ ಕೂತು ಜಗಳವಾಡಿದರಾಯಿತು ಎಂದುಕೊಂಡೆ. ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಈಗ ರಸ್ತೆ ತುಂಬ ಮೆಕ್ಕೆಜೋಳ ಒಣಗಲು ಹಾಕಿದ್ದಾರೆ. ಹರಪನಹಳ್ಳಿ ಬಸ್ಸು ಅದರ ಪಕ್ಕ ನಿಧಾನಕ್ಕೆ ಬರುವುದನ್ನು ಅಂಗಡಿಯಲ್ಲಿ ಕೂತೇ ನೋಡುತ್ತೇನೆ. ಇಳಿಯುವವರನ್ನೆಲ್ಲ ನೋಡಿ ಮುಗಿದ ಮೇಲೆ ಮತ್ತೆ ಕೆಲಸ.

ಅಂಗಡಿ ನಡೆಯುತ್ತಿದೆ. ಮಿಕ್ಸಿ, ಕುಕ್ಕರು, ಯುಪಿಎಸ್ಸು ಬರುತ್ತವೆ. ಟಿವಿಯವರು ಮೊದಮೊದಲು ಬಾಗಿಲಲ್ಲೇ ನಿಂತು "ಭೀಮರಾಜ ಇಲ್ಲೇನ್ರಿ?" ಎಂದು ಕೇಳಿ ಹೊರಟುಹೋಗುತ್ತಿದ್ದರು. ಈಗ ಒಳಗೆ ಬರುತ್ತಾರೆ. ನಿಮ್ಮ ರಬ್ಬರ್ ಚಪ್ಪಲಿಯನ್ನು ನಾನೇ ಹಾಕಿಕೊಳ್ಳುತ್ತೇನೆ. ಬರಿಗಾಲಲ್ಲಿ ಕರೆಂಟಿನ ಕೆಲಸ ಮಾಡಬಾರದು ಎಂದವರು ನೀವೇ ಅಲ್ಲವೇ? ನನ್ನ ಕಾಲಿಗೆ ಅದು ದೋಣಿ. ನಿಮ್ಮ ಹಿಮ್ಮಡಿ ಒತ್ತಿ ಒತ್ತಿ ತಗ್ಗಾದ ಜಾಗದಲ್ಲಿ ನನ್ನ ಹಿಮ್ಮಡಿ ಕೂರುತ್ತದೆ. ಹೊಸದು ತರಬಹುದಿತ್ತು, ತರಲಿಲ್ಲ.

ಮದುವೆಯಾದ ಹೊಸದರಲ್ಲಿ ಬುತ್ತಿ ತಂದವಳು ಅಲ್ಲೇ ಕೂತು ನೋಡುತ್ತ ನೋಡುತ್ತ ಕೆಲಸ ಕಲಿತದ್ದು ನಿಮಗೆ ನೆನಪಿದೆಯೋ ಇಲ್ಲವೋ. ಮೊದಲ ಪಾಠವೇ ಕೈಯದು. "ಕರೆಂಟ್ ಇದ್ದಾಗ ಒಳಗ ನೋಡಬೇಕಾದ್ರ ಒಂದು ಕೈ ಜೇಬಿನಾಗಿರ್ಲಿ. ಎರಡೂ ಕೈ ತಗಲಿದ್ರ ಕರೆಂಟು ಈ ಕೈಯಾಗ ಬಂದು ಎದಿ ಹಾದು ಆ ಕೈಯಾಗ ಹೋಗ್ತೈತಿ" ಅಂದಿದ್ದಿರಿ. "ಸೀರಿಗೆ ಜೇಬು ಎಲ್ಲೈತ್ರಿ?" ಎಂದು ನಾನು ಕೇಳಿದ್ದೆ. ನೀವು ನಕ್ಕು, "ಹಂಗಾರ ಹಿಂದ ಸೆರಗು ಹಿಡ್ಕೊಂಡು ಕುಂದ್ರು" ಅಂದಿರಿ. ನಿಮ್ಮ ಎಡಗೈ ಜೇಬಿನಲ್ಲಿ, ನನ್ನ ಎಡಗೈ ಸೆರಗಿನಲ್ಲಿ, ಹೀಗೆ ಒಂದೇ ಮೇಜಿನ ಮುಂದೆ ಎಷ್ಟು ವರ್ಷ ಕೂತೆವು! ಈಗಲೂ ಹಾಗೇ ಕೂರುತ್ತೇನೆ. ಪಕ್ಕದ ಸ್ಟೂಲಿನ ಮೇಲೆ ಮಾತ್ರ ಯಾರೂ ಇಲ್ಲ.

ಈಗ ಮುಖ್ಯ ಸುದ್ದಿಗೆ ಬರುತ್ತೇನೆ. ಮೊನ್ನೆ ಕೋಗಳಿಯಲ್ಲಿ ಮೈಕ್‌ಸೆಟ್‌ನವರ ಸಭೆಯಾಯಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದಲೂ ಬಂದಿದ್ದರು. ಮದುವೆ ಸೀಸನ್ ಶುರುವಾಗುವ ಮುಂಚೆ ಕರೆಂಟಿನ ಜೊತೆ ಜಾಗ್ರತೆಯಾಗಿರುವುದು ಹೇಗೆಂದು ಯಾರಾದರೂ ತಿಳಿಸಿ ಹೇಳಲಿ ಎಂದು ಈ ಸಭೆ ಕರೆದವನು ದುರುಗಣ್ಣ. ಹೌದು, ಅವನೇ. ಅವನ ಆಂಪ್ಲಿಫೈಯರಿನಿಂದಲೇ ಅಲ್ಲವೇ ನಿಮಗೆ ಶಾಕ್ ಹೊಡೆದದ್ದು? ಅಂದಿನಿಂದ ಅವನು ನಮ್ಮ ಅಂಗಡಿಯ ಮುಂದೆ ತಲೆ ತಗ್ಗಿಸಿಯೇ ಓಡಾಡುತ್ತಾನೆ. ಕರೆಯಲು ಬಂದದ್ದು ನಿಮ್ಮನ್ನು. ನೀವಿಲ್ಲ ಎಂದಾಗ, "ಹಂಗಾರ ನೀನಾರ ಬಾ ತಂಗಿ" ಅಂದ. ನಿಮ್ಮ ಅವ್ವ, ಎದುರಿನ ಚಹಾದಂಗಡಿಯ ಮಾರಣ್ಣ, ನಾನು, ಮೂವರೂ ದುರುಗಣ್ಣನ ಟೆಂಪೋದಲ್ಲೇ ಹೋದೆವು.

ಮೈಕು ಹಿಡಿದು ಬಾಯಿ ತೆರೆದದ್ದೇ ನಿಮ್ಮ ಮಾತುಗಳೇ ಹೊರಗೆ ಬಂದವು. ಬಿಚ್ಚುವ ಮುಂಚೆ ಪ್ಲಗ್ಗು ಕೀಳಿ, ಸ್ವಿಚ್ಚನ್ನು ನಂಬಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಅದು ಇಳಿಯದೆ ಕೈ ಹಾಕಬೇಡಿ. ಉಂಗುರ, ಕೈಯ ಕಡಗ ತೆಗೆದಿಡಿ. ಬೆವರಿದ ಕೈ ಒರೆಸಿಕೊಳ್ಳಿ. ಹಳ್ಳಿಯ ಬೋರ್ಡಿನಲ್ಲಿ ಎರಡೇ ತೂತು ಇದೆಯೆಂದು ಮೂರನೆಯ, ಅರ್ಥಿಂಗಿನ ಪಿನ್ನು ಮುರಿಯಬೇಡಿ, ನಿಮ್ಮ ಜೀವ ಇರುವುದು ಅದರಲ್ಲೇ. ಈ ಮಾತಿಗೆ ದುರುಗಣ್ಣ ನೆಲ ನೋಡತೊಡಗಿದ. ಆ ಆಂಪ್ಲಿಫೈಯರಿನ ಪಿನ್ನನ್ನು ಅವನು ಮುರಿದಿದ್ದನಲ್ಲ.

ಕೊನೆಗೆ ಕೇಳಿದೆ: "ನಿಮ್ಮ ಪೈಕಿ ಒಬ್ಬಾತ ಕರೆಂಟಿಗೆ ಕಚ್ಚಿಕೊಂಡ್ರ ಏನ್ಮಾಡ್ತೀರಿ?" ಎಲ್ಲರೂ ಒಂದೇ ಬಾಯಲ್ಲಿ, "ಹಿಡಿದು ಎಳೀತೀವ್ರೀ!" ಅಂದರು. "ಎಳೆಯಂಗಿಲ್ಲ. ಮೊದಲು ಕರೆಂಟ್ ತೆಗೀಬೇಕು. ಆಗಲಿಲ್ಲಂದ್ರ ಒಣಗಿದ ಕಟ್ಟಿಗಿಲೆ ಬಿಡಿಸಬೇಕು. ಕೈಲೆ ಮಾತ್ರ ಮುಟ್ಟಬಾರದು" ಅಂದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಅದಕ್ಕಾ ಏನ್ರಿ ನೀವು ನಿಮ್ಮ ಗಂಡನ್ನ ಮುಟ್ಟಲಿಲ್ಲಂತ? ಬೆನ್ನು ತೋರಿಸಿ ಹೊರಗ ಓಡಿದ್ರಂತಲ್ಲ?" ಎಂದು ಕೇಳಿದ.

ಅವತ್ತಿನದನ್ನು ನಾವಿಬ್ಬರೂ ಇವತ್ತಿನವರೆಗೆ ಬಾಯಿಬಿಟ್ಟು ಮಾತಾಡಿಲ್ಲ. ಕೋಗಳಿಯ ಅಷ್ಟು ಜನರ ಮುಂದೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಬಾಸಾಹೇಬರ ಜಯಂತಿಯ ಹಿಂದಿನ ದಿನ. ಮೆರವಣಿಗೆಗೆ ಬೇಕೇ ಬೇಕು ಎಂದು ದುರುಗಣ್ಣ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಅವಸರ ಮಾಡಿ ಹೋಗಿದ್ದ. ಸುಡುಸುಡು ಬಿಸಿಲು. ನಾನು ಬುತ್ತಿ ಬಿಚ್ಚುತ್ತಿದ್ದೆ. ನೀವು ಬೆವರು ಒರೆಸಿಕೊಳ್ಳಲು ಎಡಗೈಯನ್ನು ಜೇಬಿನಿಂದ ತೆಗೆದಿರಿ. ಮೊಣಕೈ ಕಬ್ಬಿಣದ ರ‍್ಯಾಕಿಗೆ ತಾಗಿತು. ಬಲಗೈ ಆಂಪ್ಲಿಫೈಯರಿನ ತಗಡಿನ ಮೇಲಿತ್ತು, ಅದು ಅಲ್ಲೇ ಮುಷ್ಟಿ ಬಿಗಿಯಿತು. ನಿಮ್ಮ ಗಂಟಲಿನಿಂದ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಪ್ಲಗ್ಗು ನಿಮ್ಮ ಹಿಂದೆ, ನಿಮ್ಮನ್ನು ದಾಟದೆ ಸಿಗದ ಕಡೆ ಇತ್ತು. ಒಣಗಿದ ಕಟ್ಟಿಗೆ ಒಂದೂ ಕಣ್ಣಿಗೆ ಬೀಳಲಿಲ್ಲ. ಮೇನ್ ಸ್ವಿಚ್ಚು ಅಂಗಡಿಯ ಹೊರಗೆ, ಮೆಟ್ಟಿಲ ಕೆಳಗೆ. ನನ್ನ ಎರಡೂ ಕೈ ನಿಮ್ಮ ಕಡೆ ಚಾಚಿದ್ದವು, ಅದನ್ನು ಸುಳ್ಳೆನ್ನಲಾರೆ. ನೀವೇ ಕಲಿಸಿದ್ದು ನೆನಪಾಗಿ ಹಿಂದಕ್ಕೆಳೆದುಕೊಂಡೆ. ತಿರುಗಿ ಓಡಿದೆ. ಬಾಗಿಲಲ್ಲಿ ಮಾರಣ್ಣ ನಿಮ್ಮನ್ನು ಹಿಡಿಯಲು ಒಳಗೆ ನುಗ್ಗುತ್ತಿದ್ದ. "ಮುಟ್ಟಬ್ಯಾಡ್ರೀ!" ಎಂದು ಅವನ ಎದೆಗೆ ಕೈಕೊಟ್ಟು ಹೊರಗೆ ತಳ್ಳಿದೆ, ಬಿದ್ದ. ಸ್ವಿಚ್ಚು ಕೆಳಗೆ ಎಳೆದೆ. ಅಷ್ಟೇ ನಡೆದದ್ದು. ರಸ್ತೆಯಲ್ಲಿ ನಿಂತವರಿಗೆ ಕಂಡದ್ದು ಗಂಡ ಒದ್ದಾಡುತ್ತಿರುವಾಗ ತಾನೂ ಮುಟ್ಟದೆ, ಮುಟ್ಟಲು ಬಂದವನನ್ನೂ ತಳ್ಳಿ ಓಡಿಹೋದ ಹೆಂಗಸು. ಊರು ಅದನ್ನೇ ಹೇಳಿತು. ನಿಮ್ಮ ಅವ್ವನೂ, "ನಾನಾಗಿದ್ರ ನನ್ನ ಮಗನ್ನ ಅಪ್ಗೊಂಡುಬಿಡ್ತಿದ್ದೆ" ಎಂದು ಬಂದವರ ಮುಂದೆಲ್ಲ ಅತ್ತಳು.

ಸಭೆಯಲ್ಲಿ ಇಷ್ಟು ಹೇಳಿ ಮೈಕು ಕೆಳಗಿಟ್ಟೆ. ಆಗ ಮಾರಣ್ಣ ಎದ್ದುನಿಂತ. ಮನುಷ್ಯ ಚಹಾದ ಲೋಟ ಎಣಿಸುವುದು ಬಿಟ್ಟರೆ ಬಾಯಿಬಿಟ್ಟದ್ದನ್ನು ನಾನು ನೋಡಿದ್ದಿಲ್ಲ. "ಆ ತಾಯಿ ಅವತ್ತು ನನ್ನ ತಳ್ಳಿದ್ದಕ್ಕ ಇವತ್ತು ನಾನು ಅದೀನಿ. ಭೀಮರಾಜನೂ ಅದಾನ. ಆಕಿ ಮುಟ್ಟಿದ್ರ ಮೂರು ಹೆಣ ಎತ್ತಬೇಕಾಗಿತ್ತು. ಇನ್ನೊಮ್ಮೆ ಯಾರಾರ ಬೆನ್ನು ಗಿನ್ನು ಅಂದ್ರ ನೋಡ್ರಿ ಮತ್ತ" ಎಂದು ಟವೆಲ್ಲು ಕೊಡವಿ ಕೂತುಬಿಟ್ಟ.

ವಾಪಸ್ ಬರುವಾಗ ನಿಮ್ಮ ಅವ್ವ ದಾರಿಯುದ್ದಕ್ಕೂ ಸುಮ್ಮನಿದ್ದಳು. ಅದೇ ಒಂದು ಸುದ್ದಿ ಅಲ್ಲವೇ? ಊರು ಹತ್ತಿರ ಬಂದಾಗ ನನ್ನ ಕೈ ತನ್ನ ಮಡಿಲಿಗೆ ಎಳೆದುಕೊಂಡು, "ನಾನಿದ್ದಿದ್ರ ಅವನ್ನ ಹಿಡ್ಕೊಂತಿದ್ದೆ ಸುಜಾತಿ. ಹಿಡ್ಕೊಂಡು ಇಬ್ರೂ ಹೋಗ್ತಿದ್ವಿ" ಅಂದಳು. ಮನೆಗೆ ಬಂದವಳೇ ಕ್ರಾಂತಿಯನ್ನು ಕೂರಿಸಿಕೊಂಡು, ಕರೆಂಟು ಹಿಡಿದವರನ್ನು ಮುಟ್ಟಬಾರದೆಂದು ತಾನೇ ಕಂಡುಹಿಡಿದವಳ ಹಾಗೆ ಪಾಠ ಹೇಳಿದಳು.

ಅಂಗಡಿಯಲ್ಲೂ ಒಂದಿಷ್ಟು ಬದಲಾಯಿಸಿದ್ದೇನೆ, ಬೈಯಬೇಡಿ. ಮೇನ್ ಸ್ವಿಚ್ಚನ್ನು ಒಳಗೆ, ಬಾಗಿಲ ಹತ್ತಿರ ಹಾಕಿಸಿದ್ದೇನೆ. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಬಂದಿದೆ. ಕಬ್ಬಿಣದ ರ‍್ಯಾಕು ಹೋಗಿ ಮರದ್ದು ಬಂದಿದೆ. ಗೋಡೆಗೆ ಒಂದು ಒಣ ಬಿದಿರು ಕೋಲು ತೂಗುಹಾಕಿದ್ದೇನೆ. ಬಂದವರು ಅದು ಯಾಕೆ ಎಂದು ಕೇಳುತ್ತಾರೆ, ರೊಕ್ಕ ಕೊಡದವರಿಗೆ ಎನ್ನುತ್ತೇನೆ.

ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಇನ್ನು ನನ್ನಿಂದ ಏನಾಗುತ್ತದೆ ಎಂದು ಅಂಜಿನಕ್ಕನ ಮುಂದೆ ಹೇಳಿದಿರಂತೆ. ಒಳ್ಳೆಯದಾಯಿತು ಬಿಡಿ. ಹೇಗೂ ಒಂದು ಕೈ ಜೇಬಿನಲ್ಲೇ ಇರಬೇಕಲ್ಲ, ಇನ್ನು ಮೇಲೆ ಆ ಕೈಯನ್ನೇ ಇಡಿ. ಎಡಗೈಯಲ್ಲಿ ಸೋಲ್ಡರ್ ಹಿಡಿಯುವುದನ್ನು ಕಲಿಯಿರಿ, ಬೋರ್ಡನ್ನು ನಾನು ಹಿಡಿಯುತ್ತೇನೆ. ಮುಂದಿನ ತಿಂಗಳು ಕೊಟ್ಟೂರಿನಲ್ಲೂ ಇಂಥದೇ ಸಭೆಯಿದೆ. ನನ್ನ ಗಂಡ ಬಂದು ಮಾತಾಡುತ್ತಾರೆ ಎಂದು ನಿಮ್ಮನ್ನು ಕೇಳದೆ ಒಪ್ಪಿಕೊಂಡುಬಿಟ್ಟಿದ್ದೇನೆ. ನೀವು ಬರದಿದ್ದರೆ ಮಾನ ಹೋಗುವುದು ನನ್ನದು. ನನಗೆ ನೀವು ಬೇಕು. ಪಾಠ ಹೇಳಲು ಅಲ್ಲ, ಸಭೆಗೂ ಅಲ್ಲ, ಸುಮ್ಮನೆ ಪಕ್ಕದಲ್ಲಿ ಕೂರಲು.

ಅಂಜಿನಕ್ಕನಿಗೆ ನನ್ನ ಶರಣು ಹೇಳಿ. ಕ್ರಾಂತಿಗೆ ನಿಮ್ಮ ಆಶೀರ್ವಾದವಿರಲಿ. ನಿಮ್ಮ ಅವ್ವ, "ತಲಿ ಮ್ಯಾಲ ಕೈ ಇಟ್ಟು ನೂರು ವರ್ಷ ಬಾಳಪ್ಪಾ ಅಂದೀನಿ ಅಂತ ಬರಿ. ಜಲ್ದಿ ಬಾ ಅಂತಾನೂ ಬರಿ" ಅಂದಳು. ಎರಡನ್ನೂ ಬರೆದಿದ್ದೇನೆ.

ನಿಮ್ಮ
ಸುಜಾತಾ

ತಾ.ಕ.: ಊರಿನವರ ಮಾತಿಗೆ ನಾನು ಅತ್ತವಳಲ್ಲ. ಆಸ್ಪತ್ರೆಯಲ್ಲಿ ಮೊದಲ ಸಲ ಪಟ್ಟಿ ಬಿಚ್ಚಿದ ದಿನ ನಿಮ್ಮ ಕೈ ಹಿಡಿಯಲು ಬಂದೆ. ನೀವು ಕೈ ಎಳೆದುಕೊಂಡು ಗೋಡೆಯ ಕಡೆ ತಿರುಗಿ, "ಕಣ್ಣು ಮುಚ್ಚೋ ಹೊತ್ತಿಗೆ ನಾ ನೋಡಿದ್ದು ನಿನ್ನ ಬೆನ್ನು" ಅಂದಿರಿ. ಅಂದಿನಿಂದ ನಾನು ನಿಮ್ಮನ್ನು ಮುಟ್ಟಿಲ್ಲ. ತಾಟು ಕೊಡುವಾಗಲೂ ಬೆರಳು ತಾಗದ ಹಾಗೆ ಕೊಟ್ಟೆ. ನೀವು ನೋಡಿದ್ದು ಸುಳ್ಳಲ್ಲ. ಆದರೆ ಕಣ್ಣು ಮುಚ್ಚಿದ ಮೇಲೆ ಏನಾಯಿತೆಂದು ನೀವು ಯಾರನ್ನೂ ಕೇಳಲಿಲ್ಲ, ನಾನೂ ಹಟಕ್ಕೆ ಬಿದ್ದು ಹೇಳಲಿಲ್ಲ. ಸ್ವಿಚ್ಚು ಎಳೆದವಳೇ ವಾಪಸ್ ಓಡಿ ಬಂದೆ. ನೀವು ನೆಲದ ಮೇಲೆ ಬಿದ್ದಿದ್ದಿರಿ, ಉಸಿರು ಸಿಗುತ್ತಿರಲಿಲ್ಲ. ಅದು ತಿರುಗಿ ಬರುವವರೆಗೂ ನಿಮ್ಮ ಎದೆ ಒತ್ತಿದೆ. ಸುದ್ದಿ ಕೇಳಿ ಓಡಿಬಂದ ದುರುಗಣ್ಣನ ಟೆಂಪೋದಲ್ಲಿ, ಸ್ಪೀಕರ್ ಡಬ್ಬಿಗಳ ನಡುವೆ, ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಬಲಗೈ ಸುಟ್ಟಿತ್ತು, ಅದಕ್ಕೆ ಎಡಗೈ ಹಿಡಿದೆ. ಆಸ್ಪತ್ರೆಯವರು ಬಿಡಿಸುವವರೆಗೂ ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದೆ.